ಇಪ್ಪತ್ತೈದು ಮಿಲಿಮೀಟರ್ ಆಳದ ಬೀಜ

ಗದಗ ಕಡೆಯವನಾದರೆ ಉಳ್ಳಾಗಡ್ಡಿ ಬೆಳೆಯಲು ಬರಲೇಬೇಕು ಎಂದು ಯಾವ ಶಾಸ್ತ್ರದಲ್ಲಿ ಬರೆದಿದೆಯೋ ನನಗೆ ಗೊತ್ತಿಲ್ಲ. ನಮ್ಮಪ್ಪ ಪೋಸ್ಟಾಫೀಸಿನಲ್ಲಿ ಗುಮಾಸ್ತರಾಗಿದ್ದವರು. ಉಳ್ಳಾಗಡ್ಡಿಗೂ ನಮ್ಮ ಮನೆಗೂ ಇದ್ದ ಸಂಬಂಧ ರೊಟ್ಟಿಯ ಜೊತೆ ಗುದ್ದಿ ತಿನ್ನುವಷ್ಟು ಮಾತ್ರ. ಆದರೆ ಬೆಂಗಳೂರಿನ ಶೆಟ್ಟಿಹಳ್ಳಿ ಹತ್ತಿರದ ನಮ್ಮ ಕಾರ್ಖಾನೆಯ ಜನರಲ್ ಮ್ಯಾನೇಜರ್ ತುಂಬಿದ ಮೀಟಿಂಗಿನಲ್ಲಿ ನನ್ನ ಕಡೆ ಬೆರಳು ಮಾಡಿ, "ಇವರಿಗೆ ಕೊಡ್ರಿ, ಇವ್ರು ಗದಗ್ ಸೈಡು. ಈರುಳ್ಳಿ ಇವ್ರ ರಕ್ತದಲ್ಲೇ ಇರುತ್ತೆ" ಎಂದರು. ಎಲ್ಲರೂ ನಕ್ಕರು. ನಾನೂ ಹಲ್ಲುಕಿರಿದೆ. ಅವತ್ತೇ "ಸಾರ್, ನನಗ ಬರಂಗಿಲ್ಲ" ಎಂದಿದ್ದರೆ ಮುಂದಿನ ರಾಮಾಯಣವೇ ಇರುತ್ತಿರಲಿಲ್ಲ.

ವಿಷಯ ಇಷ್ಟೇ. ಮಾರ್ಚ್ ತಿಂಗಳಲ್ಲಿ ಯುರೋಪಿನಿಂದ ಗ್ರಾಹಕರು ಕಾರ್ಖಾನೆ ನೋಡಲು ಬರುವವರಿದ್ದರು. ಶೆಡ್ಡಿನ ಹಿಂದೆ ಖಾಲಿ ಬಿದ್ದ ಜಾಗದಲ್ಲಿ ಈರುಳ್ಳಿಯನ್ನೂ ಲೀಕ್ಸನ್ನೂ ಬೀಜದಿಂದಲೇ ಬೆಳೆಸಿ, ಅವರಿಗೆ ನಮ್ಮದೇ ತೋಟದ ಲೀಕ್ಸ್ ಸೂಪ್ ಕುಡಿಸಬೇಕು ಎನ್ನುವುದು ಜಿ.ಎಂ. ಅವರ ಆಸೆ. ಲೀಕ್ಸ್ ಈರುಳ್ಳಿಯ ದಾಯಾದಿ. ಗೆಡ್ಡೆ ಕಟ್ಟುವುದಿಲ್ಲ, ಉದ್ದನೆಯ ಬಿಳಿ ದಂಟು ಬೆಳೆಯುತ್ತದೆ. ಅದನ್ನು ನಾನು ಅದುವರೆಗೆ ಕಣ್ಣಿನಿಂದ ನೋಡಿರಲಿಲ್ಲ.

ನನ್ನ ಕೆಲಸ ಟೂಲ್ ರೂಮಿನಲ್ಲಿ ಜಿಗ್ ಮಾಡುವುದು. ಯಾರೇ ಕೆಲಸ ಮಾಡಿದರೂ ತೂತು ಅದೇ ಜಾಗದಲ್ಲಿ, ಅದೇ ಆಳಕ್ಕೆ ಬೀಳುವಂತೆ ಹಿಡಿದಿಡುವ ಸಾಧನಕ್ಕೆ ಜಿಗ್ ಎನ್ನುತ್ತಾರೆ. ಬೀಜ ಬಿತ್ತುವುದಕ್ಕೂ ನಾನು ಒಂದು ಜಿಗ್ ಮಾಡಿದೆ. ಅಲ್ಯೂಮಿನಿಯಂ ಹಲಗೆ, ಅದರ ತಳಕ್ಕೆ ಸಾಲಾಗಿ ಪಿನ್ನುಗಳು, ಒಂದರಿಂದ ಒಂದಕ್ಕೆ ಐವತ್ತು ಮಿಲಿಮೀಟರ್ ಅಂತರ, ಪಿನ್ನಿನ ಉದ್ದ ಇಪ್ಪತ್ತೈದು. ಮಣ್ಣಿನ ಮೇಲಿಟ್ಟು ಒತ್ತಿದರೆ ಸಾಲು ಸಾಲು ತೂತು, ತೂತಿಗೊಂದು ಬೀಜ. ಆ ಇಪ್ಪತ್ತೈದು ಎಲ್ಲಿಂದ ಬಂತು? ಸತ್ಯ ಹೇಳುತ್ತೇನೆ: ಸ್ಟೋರಿನಲ್ಲಿ ಆ ಅಳತೆಯ ಪಿನ್ನುಗಳೇ ಇದ್ದವು. ಒಂದು ಇಂಚು ತಾನೇ, ಬೀಜಕ್ಕೆ ಏನಾಗುತ್ತದೆ ಎಂದುಕೊಂಡೆ. ಡ್ರಾಯಿಂಗ್ ಬರೆದು ಕೆಳಗೆ ಸಹಿ ಹಾಕಿದೆ.

ತೋಟದ ಕೆಲಸಕ್ಕೆ ಗುತ್ತಿಗೆದಾರನ ಕಡೆಯಿಂದ ಬಂದ ಒಬ್ಬ ಹೆಂಗಸಿದ್ದರು. ವಯಸ್ಸು ಐವತ್ತೈದರ ಆಸುಪಾಸು. ಕಾರ್ಖಾನೆಯಲ್ಲಿ ಎಲ್ಲರೂ ಅವರನ್ನು ಗಾರ್ಡನಮ್ಮ ಎನ್ನುತ್ತಿದ್ದರು. ಶೆಟ್ಟಿಹಳ್ಳಿ ಇನ್ನೂ ಹಳ್ಳಿಯಾಗಿದ್ದ ಕಾಲದಲ್ಲಿ ಸುತ್ತಮುತ್ತಲ ಹೊಲಗಳಲ್ಲಿ ಕೂಲಿಗೆ ಈರುಳ್ಳಿ ಪೈರು ನೆಟ್ಟವರು. ಗೌರಿ ಹಬ್ಬ ಮುಗಿದ ವಾರ ನಾನು ಜಿಗ್ ಹೊತ್ತುಕೊಂಡು ಹೋಗಿ ಮಡಿಯ ಮೇಲೆ ಒತ್ತಿ ತೋರಿಸಿದೆ. ಅವರು ತೂತಿನೊಳಗೆ ಬೆರಳು ಇಳಿಸಿ ನೋಡಿದರು.

"ಇದೇನ್ ಸಾ, ಈರುಳ್ಳಿ ಬೀಜಾನ ಇಷ್ಟ್ ಆಳುಕ್ಕೆ ಊತಾಕ್ಬುಟ್ರೆ ಅದು ಎಂಗ್ ಮ್ಯಾಕೆ ಬತ್ತದೆ? ಒಟ್ಲು ಬುಡೋವಾಗ ನಾವು ಕಡ್ಡೀಲಿ ಗೀರೆಳ್ದು, ಬೀಜ ಉದುರ್ಸಿ, ಮ್ಯಾಲೆ ಒಸಿ ಗೊಬ್ರ ಎರಚ್ತೀವಿ, ಅಷ್ಟೆಯ."

ಒಟ್ಲು ಎಂದರೆ ಸಸಿ ಮಡಿ ಎಂದು ಆಮೇಲೆ ತಿಳಿಯಿತು. ಆಗ ನಾನು ಕೇಳುವ ಸ್ಥಿತಿಯಲ್ಲಿರಲಿಲ್ಲ. "ಅಮ್ಮ, ಇದು ಜಿಗ್. ಇದ್ರಾಗ ತಪ್ಪಾಗಂಗಿಲ್ಲ" ಎಂದೆ. ಅವರು "ಆಯ್ತು ಬುಡಿ ಸಾ" ಎಂದು ಸೆರಗು ಸಿಕ್ಕಿಸಿಕೊಂಡು ಕೂತರು. ಎರಡು ದಿನ ಮಂಡಿಯೂರಿ, ತೂತಿಗೊಂದರಂತೆ ಆ ಕರೀ ಬೀಜಗಳನ್ನು ಹಾಕಿದರು.

ಹತ್ತು ದಿನಕ್ಕೆ ಮೊಳಕೆ ಕಾಣಬೇಕಿತ್ತು. ಹದಿನೈದು ದಿನವಾದರೂ ಅಲ್ಲೊಂದು ಇಲ್ಲೊಂದು ಎಳೆ, ಅದೂ ಹೆಚ್ಚಾಗಿ ಲೀಕ್ಸಿನ ಮಡಿಯಲ್ಲಿ. ಈರುಳ್ಳಿಯದು ಬೋಳು ನೆಲ. ನಡುವೆ ಎರಡು ಜೋರು ಮಳೆ ಬಿದ್ದು, ಮೇಲೆ ಬಿಸಿಲು ಕಾದು, ಕೆಂಪು ಮಣ್ಣು ಹಪ್ಪಳದ ಹಾಗೆ ಹೆಕ್ಕಳಿಕೆ ಕಟ್ಟಿತ್ತು. ಮಧ್ಯಾಹ್ನ ಊಟದ ಹೊತ್ತಿನಲ್ಲಿ, ಯಾರೂ ಇಲ್ಲದಾಗ, ನಾನು ಆಳ ಅಳೆಯುವ ಡೆಪ್ತ್ ವರ್ನಿಯರ್ ಹಿಡಿದುಕೊಂಡು ಹೋಗಿ ಒಂದು ಸಾಲು ಬಗೆದೆ. ಬೀಜಗಳು ಸತ್ತಿರಲಿಲ್ಲ, ಮೊಳೆತಿದ್ದವು! ಬಿಳೀ ದಾರದಂಥ ಮೊಳಕೆ ಮಡಚಿಕೊಂಡೇ ಮೇಲಕ್ಕೆ ತಳ್ಳಿ ತಳ್ಳಿ, ಹದಿನಾಲ್ಕೋ ಹದಿನೈದೋ ಮಿಲಿಮೀಟರ್ ಏರಿ, ಹೆಕ್ಕಳಿಕೆಗೆ ತಲೆ ಒತ್ತಿ, ಹಳದಿಯಾಗಿ ಕೊಳೆತಿದ್ದವು. ಆ ಬೀಜಕ್ಕಿದ್ದ ತ್ರಾಣವೇ ಅಷ್ಟು. ಹತ್ತು ಮಿಲಿಮೀಟರಿನಲ್ಲಿ ಇಟ್ಟಿದ್ದರೆ ಎಲ್ಲವೂ ಬರುತ್ತಿದ್ದವು. ತಪ್ಪು ನನ್ನದೆಂದು ಅಲ್ಲೇ ಗೊತ್ತಾಯಿತು. ವರ್ನಿಯರ್ ಒರೆಸಿ ಜೇಬಿಗಿಟ್ಟುಕೊಂಡೆ.

ಸಂಜೆ ಎಚ್.ಆರ್. ಅಧಿಕಾರಿ ಬಂದ. ನನಗಿಂತ ಇಪ್ಪತ್ತು ವರ್ಷ ಚಿಕ್ಕವನು, ನಗುಮುಖದವನು.

"ಸಾರ್, ಜಿ.ಎಂ. ಕೇಳ್ತಿದಾರೆ, ಒಂದು ರಿಪೋರ್ಟ್ ಹಾಕ್ಲೇಬೇಕು. ನೀರು ಸರಿಯಾಗಿ ಹಾಕಿಲ್ಲ ಅಂತ ಹಾಕ್ಬಿಡೋಣ್ವಾ? ಅವ್ರು ಕಾಂಟ್ರ್ಯಾಕ್ಟ್, ನಮಗೇನು ತಲೆನೋವಿಲ್ಲ."

ನಾನು ಏನು ಮಾಡಬೇಕಿತ್ತೋ ಅದನ್ನು ಮಾಡಲಿಲ್ಲ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ, 'ನೀರಿನಲ್ಲಿಯೂ ನಿರ್ವಹಣೆಯಲ್ಲಿಯೂ ಏರುಪೇರಾಗಿರುವ ಸಾಧ್ಯತೆ ಇದೆ' ಎಂದು ಬರೆದು ಸಹಿ ಹಾಕಿದೆ. ಏರುಪೇರು ಯಾರದು ಎಂದು ಬರೆಯಲಿಲ್ಲವಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಮಾರನೆಯ ದಿನವೇ ಗಾರ್ಡನಮ್ಮನಿಗೆ ಮೆಮೋ ಹೋಯಿತು. ಅವರು ಅದನ್ನು ನನ್ನ ಹತ್ತಿರವೇ ತಂದು, "ಇದ್ರಾಗೇನ್ ಬರ್ದವ್ರೆ ಸಾ, ಒಸಿ ಓದಿ" ಎಂದರು. ಓದಿದೆ. ಅವರು ಕಾಗದವನ್ನು ಮಡಚಿ ಬ್ಲೌಸಿನೊಳಗಿಟ್ಟುಕೊಂಡು, "ನೀರಂತೂ ದಿನಾ ಆಕಿವ್ನಿ" ಎಂದಷ್ಟೇ ಹೇಳಿ ಹೋದರು.

ಎರಡನೇ ಸಲ ಬಿತ್ತುವಾಗ ನಾನು ಬಾಯಿ ಮುಚ್ಚಿಕೊಂಡು ಅವರು ಹೇಳಿದಂತೆ ಕೇಳಿದೆ. ಮಡಿಯನ್ನು ಗೇಣೆತ್ತರಕ್ಕೆ ಏರಿಸಿ, ಮಣ್ಣನ್ನು ಜರಡಿ ಹಿಡಿದರು. ಬೀಜಕ್ಕೆ ಮರಳು ಬೆರೆಸಿ, ಕಡ್ಡಿಯಲ್ಲಿ ಎಳೆದ ಗೀರಿನಲ್ಲಿ ತೆಳ್ಳಗೆ ಉದುರಿಸಿದರು. ಮೇಲೆ ಪುಡಿಗೊಬ್ಬರ, ಅದರ ಮೇಲೆ ರಾಗಿ ಹುಲ್ಲು. "ಉಲ್ಲು ಆಸಿದ್ರೆ ಮಣ್ಣು ಗಟ್ಟಿ ಆಗಕ್ಕಿಲ್ಲ. ಮೊಳ್ಕೆ ಕಂಡ್ ದಿವ್ಸಾನೇ ಸಂಜೆ ತೆಗ್ದಾಕ್ಬೇಕು, ಇಲ್ದಿದ್ರೆ ಬಿಳಿಚ್ಕೊಂಡು ಬಿದ್ದೋಯ್ತವೆ" ಎಂದರು. ಎಂಟನೆಯ ದಿನ ಮಡಿ ತುಂಬ ಹಸಿರು ಗೆರೆಗಳು. ಅದೇ ವಾರ ಆಯುಧಪೂಜೆ. ನಮ್ಮ ಹುಡುಗರು ನನ್ನ ಜಿಗ್ಗಿಗೂ ಅರಿಶಿನ ಕುಂಕುಮ ಹಚ್ಚಿ, ಹೂವಿಟ್ಟು, ಮುಂದೆ ಕುಂಬಳಕಾಯಿ ಒಡೆದರು. ನನಗೆ ಅದನ್ನು ಎತ್ತಿ ಗುಜರಿಗೆ ಎಸೆಯುವಷ್ಟು ಸಿಟ್ಟು ಬಂದಿತ್ತು.

ಆ ದಿನಗಳಲ್ಲೇ ಅವರ ಮನೆಯ ವಿಷಯ ತಿಳಿದದ್ದು. ವಾರಕ್ಕೆ ಎರಡು ದಿನ ಬೆಳಿಗ್ಗೆ ಅವರು ಒಂದು ಗಂಟೆ ತಡವಾಗಿ ಬರುತ್ತಿದ್ದರು. ಯಾಕಮ್ಮ ಎಂದು ಕೇಳಿದರೆ, ಗಂಡನಿಗೆ ಕಿಡ್ನಿ ಕೆಟ್ಟಿದೆ, ಡಯಾಲಿಸಿಸ್‌ಗೆ ಬಿಟ್ಟು ಬರಬೇಕು ಎಂದರು. ನಡೆಯುತ್ತಿದ್ದದ್ದು ಇವರ ಇ.ಎಸ್.ಐ. ಕಾರ್ಡಿನ ಮೇಲೆ. ಕೆಲಸ ಇದ್ದರೆ ಕಾರ್ಡು. ಗುತ್ತಿಗೆಯವರ ಗೇಟ್ ಪಾಸ್ ಡಿಸೆಂಬರ್ ಕೊನೆಗೆ ಹೊಸದಾಗಬೇಕು, ಎರಡು ಮೆಮೋ ಇದ್ದವರಿಗೆ ಹೊಸ ಪಾಸ್ ಇಲ್ಲ ಎನ್ನುವುದು ನಮ್ಮ ಕಾರ್ಖಾನೆಯ ನಿಯಮ. ಒಂದು ಮೆಮೋ ಆಗಲೇ ಆಗಿತ್ತು, ನನ್ನ ಸಹಿಯ ಮೇಲೆ. ಆದರೂ ಮಾರನೆಯ ದಿನ ಹೋಗಿ ನಿಜ ಹೇಳಲಿಲ್ಲ. ಇನ್ನೊಂದು ಮೆಮೋ ಆಗದಿದ್ದರೆ ಸಾಕಲ್ಲ, ಸಸಿ ಚೆನ್ನಾಗಿ ಬಂದಿದೆಯಲ್ಲ ಎಂದುಕೊಂಡೆ.

ನವೆಂಬರ್ ಕೊನೆಗೆ ಪೈರು ಪೆನ್ಸಿಲ್ ಗಾತ್ರಕ್ಕೆ ಬಂತು. ಲೀಕ್ಸಿಗೆ ಮುಕ್ಕಾಲು ಗೇಣು ಆಳದ ತೂತು ಬೇಕು. ಅದರೊಳಗೆ ಪೈರು ಇಳಿಬಿಟ್ಟು, ಮಣ್ಣು ತುಂಬದೆ ಬರೀ ನೀರು ಹಾಕಬೇಕು, ದಂಟು ಬೆಳೆದಂತೆ ಮಣ್ಣು ತಾನಾಗಿ ಕೂರುತ್ತದೆ. ಅದಕ್ಕಾಗಿ ನೂರೈವತ್ತು ಮಿಲಿಮೀಟರಿನ ಗೂಟಗಳನ್ನು ನಾನೇ ಕಡೆದು ಕೊಟ್ಟೆ. ಈ ಸಲ ಗಾರ್ಡನಮ್ಮನನ್ನು ಕೇಳಿ, ಅವರು ಕಡ್ಡಿಯಲ್ಲಿ ಅಳೆದು ತೋರಿಸಿದ ಮೇಲೆಯೇ ಕಡೆದದ್ದು. ಈರುಳ್ಳಿಗೆ ಗೂಟವೇ ಬೇಡ. ಬೆರಳಿನ ಒಂದು ಗೆಣ್ಣು ಆಳಕ್ಕೆ ಬೇರು ಕೂತರೆ ಸಾಕು, ಕುತ್ತಿಗೆ ಮೇಲೇ ಇರಬೇಕು, ಇಲ್ಲದಿದ್ದರೆ ಗೆಡ್ಡೆ ದುಂಡಗಾಗುವುದಿಲ್ಲ. ಇದನ್ನೆಲ್ಲ ಹಾಳೆಯಲ್ಲಿ ಬರೆದು ಎಚ್.ಆರ್. ಅಧಿಕಾರಿಗೂ ಕೊಟ್ಟಿದ್ದೆ.

ಶನಿವಾರ ನಾನು ಯಶವಂತಪುರದ ಗ್ರಾಹಕರೊಬ್ಬರ ಹತ್ತಿರ ತಿರಸ್ಕೃತ ಮಾಲು ಆರಿಸಲು ಹೋಗಿದ್ದೆ. ಅವತ್ತು ಕಾರ್ಖಾನೆಯಲ್ಲಿ, ತಿಂಗಳ ಕೊನೆಗೆ ಮುಂದೂಡಿದ್ದ ರಾಜ್ಯೋತ್ಸವ. ಧ್ವಜ, ಆರ್ಕೆಸ್ಟ್ರಾ, ಹೋಳಿಗೆ ಊಟ. ಅದರ ನಡುವೆ ಎಚ್.ಆರ್. ಅಧಿಕಾರಿಗೆ ಒಂದು ಐಡಿಯಾ ಬಂತಂತೆ: ಎಲ್ಲ ಆಫೀಸರುಗಳಿಂದ ನಾಟಿ ಮಾಡಿಸೋಣ!

ಸೋಮವಾರ ಬೆಳಿಗ್ಗೆ ಮಡಿ ನೋಡಿ ನನ್ನ ಮೈಯೆಲ್ಲ ಉರಿದುಹೋಯಿತು. ಈರುಳ್ಳಿ, ಲೀಕ್ಸ್ ಎಲ್ಲವನ್ನೂ ಕಲಸಿ ಒಂದೇ ಸಾಲಿನಲ್ಲಿ, ಒಂದೇ ಗೂಟದಲ್ಲಿ, ಒಂದೇ ಆಳಕ್ಕೆ ಇಳಿಸಿದ್ದರು. ಈರುಳ್ಳಿಯ ತುದಿ ಎರಡು ಬೆರಳಷ್ಟು ಕಾಣುತ್ತಿತ್ತು. ಮೇಲೆ ಮಣ್ಣು ತುಂಬಿ, ವನಮಹೋತ್ಸವದಲ್ಲಿ ಸಸಿ ನೆಟ್ಟು ತುಳಿಯುತ್ತಾರಲ್ಲ, ಹಾಗೆ ಬೂಟುಗಾಲಿನಲ್ಲಿ ತುಳಿದಿದ್ದರು. ಬೂಟಿನ ಅಚ್ಚು ಸ್ಪಷ್ಟವಾಗಿ ಮೂಡಿತ್ತು.

"ನಾನ್ ಬಡ್ಕೊಂಡೆ ಸಾ," ಎಂದರು ಗಾರ್ಡನಮ್ಮ. ಅವತ್ತೇ ಮೊದಲು ಅವರ ಗಂಟಲು ಏರಿದ್ದು ಕೇಳಿದೆ. "ಇದ್ ಬ್ಯಾರೆ, ಅದ್ ಬ್ಯಾರೆ, ತುಳೀಬ್ಯಾಡಿ ಅಂದೆ. ಪಕ್ಕುಕ್ ನಿಂತ್ಕೊಳಮ್ಮ, ಫೋಟೋಗೆ ಅಡ್ಡ ಬತ್ತೀಯ ಅಂದ್ರು."

ಬೈದು ಮುಗಿಸುವಷ್ಟು ಹೊತ್ತಿರಲಿಲ್ಲ. ಎರಡೇ ದಿನವಾಗಿದ್ದರಿಂದ ಹೊಸ ಬೇರು ಹಿಡಿದಿರಲಿಲ್ಲ, ಈಗಲೇ ಎತ್ತಿದರೆ ಉಳಿಯುತ್ತವೆ ಎಂದರು. ಅಂದು ಸಂಜೆ ಮಡಿಗೆ ನಿಧಾನವಾಗಿ ನೀರು ಕುಡಿಸಿದೆವು. ಮಾರನೆಯ ಬೆಳಿಗ್ಗೆ ಆರಕ್ಕೇ ಇಬ್ಬರೂ ಕೂತೆವು. ಕುರ್ಪಿಯನ್ನು ಪೈರಿನ ಪಕ್ಕದಲ್ಲಿ ಓರೆಯಾಗಿ ಇಳಿಸಿ, ಮಣ್ಣಿನ ಸಮೇತ ಮೇಲೆತ್ತಬೇಕು, ಎಲೆ ಹಿಡಿದು ಜಗ್ಗಿದರೆ ಕುತ್ತಿಗೆ ಹರಿಯುತ್ತದೆ. ಮೊದಲ ಹತ್ತರಲ್ಲಿ ನಾನು ಆರನ್ನು ಹರಿದೆ. ಎರಡನ್ನೂ ಬೇರೆ ಮಾಡುವುದು ಇನ್ನೊಂದು ಗೋಳು. ಈರುಳ್ಳಿ ಎಲೆ ದುಂಡಗೆ, ಒಳಗೆ ಟೊಳ್ಳು. ಲೀಕ್ಸಿನದು ಚಪ್ಪಟೆ, ನಡುವೆ ಮಡಚಿದ ಕಾಗದದಂತೆ. ಗಾರ್ಡನಮ್ಮ ನೋಡುತ್ತಲೂ ಇರಲಿಲ್ಲ, ಹೆಬ್ಬೆರಳು ತೋರುಬೆರಳಿನ ನಡುವೆ ಎಲೆ ಸವರಿ ಆ ಕಡೆ ಈ ಕಡೆ ಹಾಕುತ್ತಿದ್ದರು. ಈರುಳ್ಳಿಯ ಬೇರು ತೊಳೆದು, ಎಲೆಯ ತುದಿ ಕತ್ತರಿಸಿ, ಗೆಣ್ಣಿನ ಆಳಕ್ಕೆ ಹೊಸ ಮಡಿಯಲ್ಲಿ ಕೂರಿಸಿದೆವು. ಲೀಕ್ಸನ್ನು ಇದ್ದಲ್ಲೇ ಬಿಟ್ಟು, ಸುತ್ತ ಗಟ್ಟಿಯಾದ ಮಣ್ಣನ್ನು ಕಡ್ಡಿಯಿಂದ ಸಡಿಲಿಸಿ, ಸುಳಿಯಲ್ಲಿ ಸಿಕ್ಕಿದ ಮಣ್ಣನ್ನು ನೀರು ಹನಿಸಿ ತೊಳೆದೆವು. ಮೂರು ದಿನ ಹಿಡಿಯಿತು. ತುಳಿತಕ್ಕೆ ಸಿಕ್ಕಿ ಜಜ್ಜಿಹೋದ ಈರುಳ್ಳಿ ಬಹಳಷ್ಟು ಸತ್ತವು, ಮೂರರಲ್ಲಿ ಎರಡು ಪಾಲು ಉಳಿದವು.

ಸತ್ತವುಗಳಿಗೆ ಲೆಕ್ಕ ಬೇಕಲ್ಲ! ಶುಕ್ರವಾರ ಎಚ್.ಆರ್. ಅಧಿಕಾರಿ ಟೈಪು ಮಾಡಿದ ಹಾಳೆ ತಂದು ನನ್ನ ಮೇಜಿನ ಮೇಲಿಟ್ಟ. 'ನಾಟಿಯಲ್ಲಿ ತೋಟದ ಕೆಲಸದವರ ನಿರ್ಲಕ್ಷ್ಯ, ಎರಡನೆಯ ಬಾರಿ. ಪಾಸ್ ನವೀಕರಣ ಬೇಡ.' ಕೆಳಗೆ ನನ್ನ ಸಹಿಗೆ ಜಾಗ.

ಇಪ್ಪತ್ತೆರಡು ವರ್ಷ ಬೆಂಗಳೂರಿನಲ್ಲಿದ್ದು ರೂಢಿಸಿಕೊಂಡ ನಯದ ಮಾತೆಲ್ಲ ಆ ಕ್ಷಣಕ್ಕೆ ಮರೆತುಹೋಯಿತು. "ಅಲ್ರೀ, ನಿಮಗ ಮನಸಾಕ್ಷಿ ಅನ್ನೂದು ಐತೋ ಇಲ್ಲೋ? ಮಂಗ್ಯಾ ತಾ ತಿಂದು ಮ್ಯಾಕಿ ಬಾಯಿಗೆ ಒರಿಸಿತಂತ! ತುಳದವ್ರು ನೀವು, ಮೆಮೋ ಆಕಿಗೆ?"

ಟೂಲ್ ರೂಮಿನಲ್ಲಿ ಎಲ್ಲರೂ ಮಷಿನ್ ನಿಲ್ಲಿಸಿ ನೋಡಿದರು. ನಾನು ಫೋನ್ ತೆಗೆದು ಕಾರ್ಖಾನೆಯ ವಾಟ್ಸಾಪ್ ಗ್ರೂಪಿನ ಫೋಟೋಗಳನ್ನು ಒಂದೊಂದಾಗಿ ತೋರಿಸಿದೆ. ಹಳದಿ ಕೆಂಪು ಶಾಲು ಹೊದ್ದ ಆಫೀಸರುಗಳು ಸಾಲಾಗಿ ನಿಂತು ತುಳಿಯುತ್ತಿದ್ದಾರೆ, ಇವನು ನಡುವೆ ಹೆಬ್ಬೆರಳು ಎತ್ತಿದ್ದಾನೆ. ಒಂದೇ ಒಂದು ಫೋಟೋದಲ್ಲಿಯೂ ಗಾರ್ಡನಮ್ಮ ಇಲ್ಲ. "ಇದರಾಗ ಆಕಿ ಎಲ್ಲಿದಾಳ, ತೋರಸ್ರಿ ನನಗ."

ಅವನ ಮುಖ ಸ್ವಲ್ಪ ಕಪ್ಪಿಟ್ಟಿತು. "ಸಾರ್, ಅದು ಸೆಲೆಬ್ರೇಷನ್, ಅದನ್ನೆಲ್ಲ ರಿಪೋರ್ಟ್‌ಗೆ ತರ್ಬೇಡಿ," ಎಂದ. ಆಮೇಲೆ ಧ್ವನಿ ಇಳಿಸಿ, "ಅಲ್ದೆ ಫಸ್ಟ್ ಮೆಮೋ ನಿಮ್ಮ ಸೈನ್ ಮೇಲೇ ಹೋಗಿರೋದು ಸಾರ್. ಅವಾಗ ಅವ್ರ ತಪ್ಪು, ಇವಾಗ ಅಲ್ಲ ಅಂದ್ರೆ ಜಿ.ಎಂ. ಏನಂತಾರೆ?" ಎಂದ.

ಅವನು ಹೇಳಿದ್ದು ಸರಿಯಾಗಿತ್ತು, ಅದಕ್ಕೇ ಇನ್ನೂ ಹೆಚ್ಚು ಸಿಟ್ಟು ಬಂತು. ಎರಡನೆಯ ಮೆಮೋ ತಡೆಯಬೇಕಾದರೆ ಮೊದಲನೆಯದನ್ನು ಒಡೆಯಬೇಕು, ಮೊದಲನೆಯದನ್ನು ಒಡೆದರೆ ಒಳಗೆ ಇರುವವನು ನಾನು. ಅವನ ಹಾಳೆಯನ್ನು ಹಿಂದಿರುಗಿಸಿದೆ. ಹೊಸ ಹಾಳೆ ತೆಗೆದುಕೊಂಡು ಕೈಬರಹದಲ್ಲಿ ಬರೆದೆ: ಮೊದಲ ಬಿತ್ತನೆ ಹಾಳಾಗಲು ಕಾರಣ ಜಿಗ್ಗಿನ ಪಿನ್ ಉದ್ದ, ಡ್ರಾಯಿಂಗ್ ನನ್ನದು. ಬಿತ್ತುವ ಮುನ್ನವೇ ತೋಟದ ಕೆಲಸದವರು ಎಚ್ಚರಿಸಿದ್ದರು, ನಾನು ಕೇಳಲಿಲ್ಲ. ಮಣ್ಣು ಬಗೆದು ಕಾರಣ ತಿಳಿದ ಮೇಲೂ ತಪ್ಪು ವರದಿಗೆ ಸಹಿ ಹಾಕಿದ್ದೇನೆ. ನಾಟಿ ಹಾಳಾಗಲು ಕಾರಣ ರಾಜ್ಯೋತ್ಸವದ ದಿನದ ಕಾರ್ಯಕ್ರಮ, ಫೋಟೋಗಳನ್ನು ಲಗತ್ತಿಸಿದೆ.

ಮೂರನೆಯ ವಾಕ್ಯವನ್ನು ಇನ್ನೊಮ್ಮೆ ಓದಿದೆ. ಸುಳ್ಳು ವರದಿಗೆ ಸಹಿ ಹಾಕಿದ ಟೂಲ್ ರೂಮಿನವನನ್ನು ಯಾವ ಕಾರ್ಖಾನೆ ಇಟ್ಟುಕೊಳ್ಳುತ್ತದೆ? ಮನೆಯಲ್ಲಿ ಹೆಂಡತಿಗೆ ಹೇಳಿ, ಏನಾದರೂ ಆಗಬಹುದು ಎಂದು ಸಿದ್ಧ ಮಾಡಿ, ಬೆಳಿಗ್ಗೆ ಜಿ.ಎಂ. ಮುಂದೆ ಹಾಳೆ ಇಟ್ಟೆ. ಅವರು ಓದಿದರು. ನಾನು ನಿಂತೇ ಇದ್ದೆ.

"ಇಷ್ಟೇನಾ?" ಎಂದರು. "ಬಿಡ್ರಿ ಸ್ವಾಮಿ, ನೀವು ಮಾಡಿದ್ರೆ ಅದು ಲರ್ನಿಂಗು. ಕೂತ್ಕೊಳಿ, ಕಾಫಿ ಕುಡೀರಿ. ಆಯಮ್ಮನ ಪಾಸ್ ರಿನ್ಯೂ ಮಾಡಕ್ಕೆ ಹೇಳ್ತೀನಿ."

ಎರಡು ನಿಮಿಷದಲ್ಲಿ ಮುಗಿಯಿತು. ಮೊದಲ ಮೆಮೋ ರದ್ದಾಯಿತು, ಎರಡನೆಯದು ಹೋಗಲೇ ಇಲ್ಲ, ಜನವರಿಯ ಪಾಸ್ ಬಂತು, ಕಾರ್ಡು ಉಳಿಯಿತು. ಕಾಫಿ ಕುಡಿದು ಹೊರಗೆ ಬಂದಾಗ ಸಂತೋಷವಾಗುವ ಬದಲು ನನಗೆ ತಡೆಯಲಾರದ ರೋಷ. ಅದೇ ತಪ್ಪು, ಅದೇ ಸತ್ತ ಬೀಜ. ಆಕೆಯ ತಲೆಗೆ ಕಟ್ಟಿದಾಗ ಅದು ಗಂಡನ ಪ್ರಾಣಕ್ಕೇ ಬರುವಂಥದ್ದು, ನನ್ನದು ಎಂದಾಗ ಅದಕ್ಕೆ ಕಾಫಿ!

ಮಾರ್ಚಿನಲ್ಲಿ ಗ್ರಾಹಕರು ಬಂದರು, ಸೂಪ್ ಕುಡಿದರು, ಚೆನ್ನಾಗಿದೆ ಎಂದರು. ಅದೇ ತಿಂಗಳ ಗುಣಮಟ್ಟ ಸಪ್ತಾಹದಲ್ಲಿ ನನ್ನ ತಪ್ಪನ್ನೇ ವೇದಿಕೆಯಲ್ಲಿ ಹೇಳಲು ಕರೆದರು, 'ತಪ್ಪಿನಿಂದ ಕಲಿಕೆ' ಎಂದು. ಹೇಳಿದೆ. ಜೋರು ಚಪ್ಪಾಳೆ. ಎಚ್.ಆರ್. ಅಧಿಕಾರಿಯೇ ಮುಂದೆ ಬಂದು ಒಂದು ಗೋಡೆ ಗಡಿಯಾರ ಕೊಟ್ಟು ಫೋಟೋಗೆ ನಿಂತ. ಗಾರ್ಡನಮ್ಮನನ್ನೂ ಕರೆಯಿರಿ ಎಂದು ನಾನು ಮೊದಲೇ ಕೇಳಿದ್ದೆ. ಗುತ್ತಿಗೆಯವರಿಗೆ ಸಭಾಂಗಣದೊಳಗೆ ಪ್ರವೇಶವಿಲ್ಲ ಎಂದಿದ್ದರು.

ಕಾರ್ಯಕ್ರಮ ಮುಗಿಯುವವರೆಗೆ ಕಾಯದೆ ಗಡಿಯಾರದ ಡಬ್ಬ ಹಿಡಿದು ಹಿಂದಿನ ತೋಟಕ್ಕೆ ಹೋದೆ. ಅವರು ಉಳಿದ ಈರುಳ್ಳಿ ಕಿತ್ತು ಸಾಲಾಗಿ ಹರಡಿ, ಒಂದರ ಗೆಡ್ಡೆಗೆ ಇನ್ನೊಂದರ ಎಲೆ ಮುಚ್ಚುವಂತೆ ಜೋಡಿಸುತ್ತಿದ್ದರು. ಪಾಸ್ ಹೇಗೆ ಉಳಿಯಿತು ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ನಾನೂ ಮೂರು ತಿಂಗಳು ಮುಖ ತಪ್ಪಿಸಿಕೊಂಡೇ ಓಡಾಡಿದ್ದೆ. ಅವರ ಎದುರು ಕುಕ್ಕರುಗಾಲಿನಲ್ಲಿ ಕೂತು, "ಅಮ್ಮ, ಮೊದಲನೇ ಸಲ ಬೀಜ ಸತ್ತಿದ್ದು ನನ್ನ ತಪ್ಪಿನಿಂದ. ನಿಮ್ಮ ತಪ್ಪಲ್ಲ. ಅವತ್ತೇ ನನಗ ಗೊತ್ತಿತ್ತು" ಎಂದೆ.

ಅವರ ಕೈ ನಿಲ್ಲಲಿಲ್ಲ. ಇನ್ನೊಂದು ಹಿಡಿ ಈರುಳ್ಳಿ ಎಳೆದುಕೊಂಡರು.

"ನಂಗೂ ಗೊತ್ತಿತ್ತು ಸಾ. ನೀವ್ ಊಟದೊತ್ನಲ್ಲಿ ಬಂದು ಬಗೆದು ನೋಡಿದ್ದು, ನಾನು ನಲ್ಲೀತಾವ ನಿಂತ್ಕೊಂಡು ನೋಡಿವ್ನಿ. ಅದುಕ್ಕೇ ಆ ಕಾಗ್ದಾನ ನಿಮ್ತಾವ್ಲೇ ತಂದು ಓದ್ಸಿದ್ದು."